ಕ್ಯಾಮಿಲಸ್ ಪೊರ್ಬುಗಳ ಎರಡು ಸಾಲು

ಹಾಡು ಇಷ್ಟವಾದರೆ ಹಾಡು ಕೇಳಿ, ಹಾಡಿದವನನ್ನು ಮನೆಗೆ ಕರೆಯಬೇಡಿ ಎಂದು ನಾನು ಈಗ ಸಿಕ್ಕಿದವರಿಗೆಲ್ಲ ಹೇಳುತ್ತೇನೆ. ಜನ ನಗುತ್ತಾರೆ. ಸೌಂಡಿನವನಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅನ್ನಲಿ. ದುಬೈಯಲ್ಲಿ ಇಪ್ಪತ್ತೊಂದು ವರ್ಷದಿಂದ ನಮ್ಮ ಕರಾವಳಿಯವರ ಕಾರ್ಯಕ್ರಮ ಯಾವುದೇ ಇರಲಿ, ತುಳು ನಾಟಕ, ಬ್ಯಾರಿಗಳ ಸಮ್ಮಿಲನ, ಯಕ್ಷಗಾನ, ಕೊಂಕಣಿಯವರ ಮ್ಯೂಸಿಕಲ್ ನೈಟ್, ಎಲ್ಲದಕ್ಕೂ ಅದೇ ಮಿಕ್ಸರ್, ಅದೇ ನಾಲ್ಕು ಸ್ಪೀಕರ್, ಅದೇ ದ್ವಾರಕನಾಥ, ಅಂದರೆ ನಾನು. ವಾರದ ಐದು ದಿನ ಜೆಬೆಲ್ ಅಲಿಯ ಟೈಲ್ಸ್ ಗೋದಾಮಿನಲ್ಲಿ ಸ್ಟೋರ್‌ಕೀಪರ್, ಉಳಿದ ಎರಡು ದಿನ ಕೇಬಲ್ ಸುತ್ತುವ ಕೆಲಸ. ವೇದಿಕೆಯ ಮೇಲೆ ಜನರನ್ನು ಅಳಿಸಿದವರು ಅದರ ಹಿಂದೆ ಬಿರಿಯಾನಿಯ ಲೆಗ್ ಪೀಸಿಗೆ ಜಗಳವಾಡುವುದನ್ನು ಬೇಕಾದಷ್ಟು ಕಂಡಿದ್ದೇನೆ. ಅದರಿಂದ ನನಗೇನೂ ಆಗಿಲ್ಲ. ನನಗೆ ಹಾಡು ಅಂದರೆ ಬಾಸು, ಟ್ರೆಬಲ್ಲು, ಲೆವೆಲ್ಲು. ಆದದ್ದು ಕ್ಯಾಮಿಲಸ್ ಪೊರ್ಬುಗಳಿಗೆ. ಅದರಲ್ಲಿ ನನ್ನ ಪಾಲೂ ಉಂಟು, ಅದಕ್ಕೇ ಬರೆಯುತ್ತಿದ್ದೇನೆ.

ಪೊರ್ಬು ಅಂದರೆ ನಾವು ತುಳುವರು ಕ್ರಿಶ್ಚಿಯನ್ ಗಂಡಸರನ್ನು ಮರ್ಯಾದೆಯಿಂದ ಕರೆಯುವ ರೀತಿ. ಕ್ಯಾಮಿಲಸ್ ಪೊರ್ಬುಗಳು ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ ನನ್ನ ಪಕ್ಕದ ಕಟ್ಟಡದವರು. ಬಜ್ಪೆ ಕಡೆಯ ಜನ. ಐವತ್ತೆಂಟು ವಯಸ್ಸು, ತೆಳು ಮೈ, ಎಂಥ ಬಿಸಿಲಿನಲ್ಲೂ ಗೆರೆ ಮುರಿಯದ ಇಸ್ತ್ರಿ ಅಂಗಿ. ಮೂವತ್ತೊಂದು ವರ್ಷದಿಂದ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಇದ್ದಾರೆ. ಹಾಸಿಗೆಯ ಹೊದಿಕೆ ಮಡಚುವ ಕೆಲಸದಿಂದ ಶುರುಮಾಡಿ ಸೂಪರ್‌ವೈಸರ್ ಆದವರು. ಅಲ್ಲಿನ ಮೆಷಿನ್‌ಗಳ ಗದ್ದಲದಲ್ಲಿ ನಿಂತು ನಿಂತು ಅವರ ಎಡಗಿವಿ ಹೋಗಿದೆ. ಅವರ ಎಡಕ್ಕೆ ಕೂತು ಮಾತಾಡಿದರೆ ಸುಮ್ಮನೆ ತಲೆ ಆಡಿಸುತ್ತಾರೆ, ಏನೂ ಕೇಳಿಸಿರುವುದಿಲ್ಲ. ಬಲಕ್ಕೆ ಕೂತರೆ ಪಿಸುಮಾತೂ ಕೇಳುತ್ತದೆ.

ಅವರಿಗೆ ಜೀವನದಲ್ಲಿ ಇದ್ದ ಹುಚ್ಚು ಒಂದೇ, ಲಿಡ್ವಿನ್ ಬಾಬ್. ಕೊಂಕಣಿ ಗಾಯಕ, ಬಾಬ್ ಅನ್ನುವುದು ಕೊಂಕಣಿಯವರ ಮರ್ಯಾದೆಯ ಮಾತು. ತೊಂಬತ್ತರ ದಶಕದಲ್ಲಿ ಈ ಮನುಷ್ಯನ ಕ್ಯಾಸೆಟ್ ಇಲ್ಲದ ಕೊಂಕಣಿ ಮನೆ ಗಲ್ಫಿನಲ್ಲಿ ಇರಲಿಲ್ಲವಂತೆ. ತೊಂಬತ್ತನಾಲ್ಕರಲ್ಲಿ ಬಂದ ಒಂದು ಕ್ಯಾಸೆಟ್ಟಿನಲ್ಲಿ ಒಂದು ಹಾಡು ಉಂಟು. ಗಂಡ ಬೆಳಗಿನ ಬಸ್ಸಿಗೆ ಬೊಂಬಾಯಿಗೆ ಹೊರಟಿದ್ದಾನೆ. ಮಂಜು ಬೀಳ್ತಾ ಇದೆ, ನೀನು ಒಳಗೆ ಹೋಗು ಅನ್ನುತ್ತಾನೆ. ಅದಕ್ಕೆ ಹೆಣ್ಣು ದನಿ ಕೋರಸ್ಸಿನಲ್ಲಿ ಎರಡೇ ಸಾಲು ಹೇಳುತ್ತದೆ: ನೀವು ಹೋಗಿ, ಬಸ್ಸು ತಿರುಗುವ ತನಕ ನಾನು ಇಲ್ಲೇ ನಿಂತಿರುತ್ತೇನೆ. ಪ್ರತಿ ಚರಣ ಮುಗಿದ ಮೇಲೆ ಆ ಎರಡು ಸಾಲು ಬರುತ್ತದೆ, ಅಷ್ಟೆ. ಕ್ಯಾಸೆಟ್ಟಿನ ಕವರಿನಲ್ಲಿ ಕೋರಸ್ ಹಾಡಿದವರು ಎಂದು ಒಂದು ಊರಿನ ಇಗರ್ಜಿಯ, ಅಂದರೆ ಚರ್ಚಿನ, ಗಾಯನ ಮಂಡಳಿಯ ಹೆಸರು ಅಚ್ಚಾಗಿದೆ.

ಪೊರ್ಬುಗಳು ಮದುವೆಯಾದದ್ದು ಆ ಎರಡು ಸಾಲನ್ನು. ಹಾಗೆಂದು ಅವರೇ ಹೇಳುತ್ತಿದ್ದರು. ರಜೆಗೆ ಊರಿಗೆ ಹೋದಾಗ ಹೆಣ್ಣು ನೋಡಲು ಕರೆದುಕೊಂಡು ಹೋದರಂತೆ. ಅದಾಗಲೇ ಆರು ಕಡೆ ನೋಡಿ ಬೇಡ ಅಂದಿದ್ದವರು. ಹುಡುಗಿ ಬ್ರೆಂಡಾ ತಟ್ಟೆಯಲ್ಲಿ ಕೇಕು ತಂದಿಟ್ಟು ನಿಂತಳಂತೆ. ಹುಡುಗಿಯ ತಾಯಿ ಮಾತಿನ ನಡುವೆ, ನಮ್ಮ ಹುಡುಗಿ ಲಿಡ್ವಿನ್‌ನ ಕ್ಯಾಸೆಟ್ಟಿನಲ್ಲಿ ಹಾಡಿದ್ದಾಳೆ, ಮಂಗಳೂರಿನ ಸ್ಟುಡಿಯೋಗೆ ನಾಲ್ಕು ಹುಡುಗಿಯರನ್ನು ಕರೆದಿದ್ದರು, ಅಂದರಂತೆ. ಯಾವ ಹಾಡು ಎಂದು ಇವರು ಕೇಳಿದರು. ಬಸ್ಸಿನ ಹಾಡು. ಇವರು ದುಬೈಯ ಕೋಣೆಯಲ್ಲಿ ಒಂದು ವರ್ಷದಿಂದ ಕೇಳುತ್ತಿದ್ದ ಹಾಡು ಅದೇ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು, ಹೌದೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಇವರು ಅಲ್ಲೇ ಒಪ್ಪಿಬಿಟ್ಟರು.

ಗಂಡಸರಿಗೆ ಪೊರ್ಬು ಅನ್ನುವ ಹಾಗೆ ಹೆಂಗಸರಿಗೆ ಬಾಯಮ್ಮ. ಬ್ರೆಂಡಾ ಬಾಯಮ್ಮನನ್ನು ನಾನೂ ಬಲ್ಲೆ. ಅವರ ಕೈಯ ಊಟ ಎಷ್ಟೋ ಶುಕ್ರವಾರ ಉಂಡಿದ್ದೇನೆ. ಮಾತು ಕಡಿಮೆ. ಹಾಲಿನ ಗೋಡೆಯ ಮೇಲೆ ಮದುವೆಯ ಫೋಟೋ ಉಂಟು, ಸೊಂಟದ ಕೆಳಗಿನ ತನಕ ಇಳಿದ ಜಡೆ, ಅದನ್ನು ಎದುರಿಗೆ ಹಾಕಿಕೊಂಡು ನಿಂತಿದ್ದಾರೆ. ಮನೆಗೆ ಯಾರೇ ಬರಲಿ, ಊಟಕ್ಕೆ ಮೊದಲು ಪೊರ್ಬುಗಳು ಆ ಹಾಡು ಹಾಕುತ್ತಿದ್ದರು. ಕೋರಸ್ ಬರುವಾಗ ಬೆರಳೆತ್ತಿ, "ಕೇಳಿ, ಇದು ನಮ್ಮವಳು," ಅನ್ನುತ್ತಿದ್ದರು. ಬಾಯಮ್ಮ ಪ್ರತಿ ಸಲವೂ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು.

"ಒಲೆಯ ಮೇಲೆ ಇಟ್ಟಿದ್ದೇನೆ, ಅಡಿ ಹಿಡೀತದೆ. ನೀವು ಕೇಳಿ," ಅನ್ನುವರು.

"ನಾಚಿಕೆ ಅವಳಿಗೆ," ಎಂದು ಪೊರ್ಬುಗಳು ನಗುವರು. ನಾವೂ ನಗುತ್ತಿದ್ದೆವು. ಎಷ್ಟು ಒತ್ತಾಯಿಸಿದರೂ ಆ ಹೆಂಗಸು ಒಂದು ದಿನವೂ ನಮ್ಮೆದುರು ಹಾಡಲಿಲ್ಲ. ಇಗರ್ಜಿಯಲ್ಲೂ ತುಟಿ ಮಾತ್ರ ಆಡಿಸುತ್ತಿದ್ದರಂತೆ.

ಎರಡು ಸಾವಿರದ ಹದಿನೈದರಲ್ಲಿ ಅವರು ತೀರಿಕೊಂಡರು. ಗಂಟಲಿನ ಕ್ಯಾನ್ಸರು. ಕೊನೆಯ ಏಳು ತಿಂಗಳು ಸ್ವರವೇ ಇರಲಿಲ್ಲ, ಬೇಕಾದದ್ದನ್ನು ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು. ದೇಹವನ್ನು ಊರಿಗೆ ಕೊಂಡುಹೋಗಿ ಮಣ್ಣು ಮಾಡಿ, ಹನ್ನೊಂದನೆಯ ದಿನ ಪೊರ್ಬುಗಳು ಕೆಲಸಕ್ಕೆ ವಾಪಸು ಬಂದರು. ಹೆಂಡತಿಯ ದನಿ ಎಲ್ಲಾದರೂ ಉಳಿದಿದೆಯೇ ಎಂದು ಹುಡುಕಿದರು. ಮದುವೆಯ ವಿಡಿಯೋದಲ್ಲಿ ವಿಡಿಯೋದವನು ಮಾತೆಲ್ಲ ಅಳಿಸಿ ಮೊದಲಿಂದ ಕೊನೆಯ ತನಕ ಸಿನಿಮಾ ಹಾಡು ತುಂಬಿಸಿದ್ದ. ಫೋನಿನಲ್ಲಿದ್ದ ಚೂರುಪಾರು ಫೋನಿನ ಜೊತೆಗೇ ಹೋಗಿತ್ತು. ಉಳಿದದ್ದು ಆ ಎರಡು ಸಾಲು. ಗೋರಿ ಬಜ್ಪೆಯಲ್ಲಿ, ಮನುಷ್ಯ ಇಲ್ಲಿ. ಬೇರೆಯವರು ಗೋರಿಗೆ ಹೂ ಇಟ್ಟು ಬರುವ ಹಾಗೆ ಇವರು ದಿನಾ ಬೆಳಿಗ್ಗೆ ಕಾರಿನಲ್ಲಿ ಆ ಹಾಡು ಕೇಳಿ ಕೆಲಸಕ್ಕೆ ಹೋಗುತ್ತಿದ್ದರು, ಸಂಜೆ ಅದನ್ನೇ ಕೇಳಿ ಬರುತ್ತಿದ್ದರು. ಒಂಬತ್ತು ವರ್ಷ.

ಇನ್ನು ನನ್ನ ಪಾಲಿನ ಕಥೆ.

ಕ್ಯಾಸೆಟ್ಟು ಸವೆದು ಸದ್ದು ನೀರಿನೊಳಗಿನಿಂದ ಬಂದ ಹಾಗೆ ಆಗಿತ್ತು. ಎರಡು ವರ್ಷದ ಹಿಂದೆ ನಾನೇ ಮೇಲೆ ಬಿದ್ದು ಅದನ್ನು ಕಂಪ್ಯೂಟರಿಗೆ ಹತ್ತಿಸಿದೆ. ಈಗ ಹಾಡಿನಿಂದ ವಾದ್ಯ ಬೇರೆ, ದನಿ ಬೇರೆ ಮಾಡುವ ಸಾಫ್ಟ್‌ವೇರ್ ಬಂದಿದೆ. ಕೋರಸ್ ಮಾತ್ರ ಬೇರೆ ತೆಗೆದು, ಕರಕರ ಸದ್ದೆಲ್ಲ ಒರೆಸಿ, ಹೆಡ್‌ಫೋನು ಹಾಕಿ ಕೇಳಿದಾಗ ಒಂದು ವಿಷಯ ಗೊತ್ತಾಯಿತು. ಅಲ್ಲಿ ನಾಲ್ಕು ಜನ ಹಾಡುತ್ತಿರಲಿಲ್ಲ. ಒಂದೇ ಗಂಟಲು. ಒಬ್ಬಳೇ ಎರಡು ಸಲ ಹಾಡಿದ್ದನ್ನು ಒಂದರ ಮೇಲೊಂದು ಕೂರಿಸಿದ್ದು. ಅಳೆದು ಉಸಿರೆಳೆಯುವ, ಪಳಗಿದ ಗಂಟಲು. ಹಳ್ಳಿಯ ಇಗರ್ಜಿಯ ಹುಡುಗಿ ಹಾಗೆ ಉಸಿರು ತೆಗೆಯುವುದಿಲ್ಲ ಎಂದು ನನ್ನ ಕಿವಿಗೆ ಆಗಲೇ ಅನ್ನಿಸಬೇಕಿತ್ತು. ಅನ್ನಿಸಿತು ಕೂಡ. ಆದರೆ ಪೊರ್ಬುಗಳು ನನ್ನ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೆಡ್‌ಫೋನು ತೆಗೆದು ಹೇಳಿದೆ:

"ಪೊರ್ಬುಗಳೇ, ನಾಲ್ಕು ಹುಡುಗಿಯರಲ್ಲಿ ಒಬ್ಬಳ ದನಿಯನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಎಲ್ಲರಿಗಿಂತ ಚೆಂದ ಹಾಡಿದವಳದ್ದು. ಅದು ಬಾಯಮ್ಮನದ್ದಲ್ಲದೆ ಇನ್ಯಾರದ್ದು?"

ಅವರು ಎದ್ದು ನನ್ನ ಕೈ ಹಿಡಿದುಕೊಂಡರು. ಆ ಎರಡು ಸಾಲನ್ನೇ ಮತ್ತೆ ಮತ್ತೆ ಬರುವ ಹಾಗೆ ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ. ಅಲ್ಲಿಂದ ಮುಂದೆ ಕಾರಿನಲ್ಲಿ ಲಿಡ್ವಿನ್ ಬಾಬ್‌ನ ದನಿಯೂ ಇಲ್ಲ, ಗಿಟಾರೂ ಇಲ್ಲ, ಆ ಹೆಣ್ಣು ದನಿ ಒಂದೇ. ಅವರ ಮನಸ್ಸಿಗೆ ಒಳ್ಳೆಯದು ಮಾಡಿದೆ ಎಂದು ನಾನು ಎಷ್ಟು ಬೀಗಿದ್ದೆ ಎಂಬುದು ಈಗ ನೆನಪಾದರೆ ನನಗೇ ಹೇಸಿಗೆಯಾಗುತ್ತದೆ.

ಈ ಫೆಬ್ರವರಿಯಲ್ಲಿ ಕೊಂಕಣಿಯವರು ತಮ್ಮ ಮ್ಯೂಸಿಕಲ್ ನೈಟಿಗೆ ಲಿಡ್ವಿನ್ ಬಾಬ್‌ನನ್ನು ಕರೆಸಿದರು. ನಮ್ಮ ಸಂಘಗಳ ಪದ್ಧತಿ ಏನೆಂದರೆ ಊರಿನಿಂದ ಬಂದ ಕಲಾವಿದನಿಗೆ ಹೋಟೆಲು ಮಾಡುವುದಿಲ್ಲ. ಯಾರದ್ದಾದರೂ ಮನೆಯಲ್ಲಿ ಇಳಿಸುತ್ತಾರೆ, ಆ ಮನೆಯವನೇ ಅವನ ಡ್ರೈವರು, ಅಡುಗೆಯವನು, ಎಲ್ಲ. ಕಮಿಟಿಯಲ್ಲಿ ಮೊದಲು ಕೈ ಎತ್ತಿದವರು ಕ್ಯಾಮಿಲಸ್ ಪೊರ್ಬುಗಳು. ನಾಲ್ಕು ದಿನ ರಜೆ ಹಾಕಿದರು. ತಮ್ಮ ಮಂಚ ಬಿಟ್ಟುಕೊಟ್ಟು ಹಾಲಿನಲ್ಲಿ ಮಲಗಿದರು.

ಬಂದವನು ಅರವತ್ತೈದು ದಾಟಿದ, ಕೂದಲಿಗೆ ಕಪ್ಪು ಬಳಿದ ಗಂಡಸು. ಮನೆಯೊಳಗೆ ಬಂದವನೇ ಏಸಿ ಸದ್ದು ಮಾಡುತ್ತದೆ ಅಂದ. ಪೊರ್ಬುಗಳು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಾಡಿದ ಹಬ್ಬದ ಕಡುಬು ಸನ್ನಾಂ ನೋಡಿ, "ಇದು ಇಡ್ಲಿಯಾ?" ಅಂದ. ಜೊತೆಯ ಗಾಯಕರೆಲ್ಲ ಅವನ ಲೆಕ್ಕದಲ್ಲಿ ಕಳ್ಳರು ಇಲ್ಲ ಕುಡುಕರು. ಪೊರ್ಬುಗಳು ಅವನ ಅಂಗಿಗಳನ್ನು ತಾವೇ ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕುತ್ತಿದ್ದರು. ಏರ್‌ಪೋರ್ಟಿನಿಂದ ಬರುವಾಗ ಕಾರಿನಲ್ಲಿ ಅವನದ್ದೇ ಹಾಡು ಹಾಕಿದರೆ, "ಬಂದ್ ಮಾಡಿ ಮಾರಾಯ್ರೆ, ಕೇಳಿ ಕೇಳಿ ವಾಂತಿ ಬರ್ತದೆ," ಅಂದನಂತೆ. ಅದನ್ನೂ ಪೊರ್ಬುಗಳು ನನಗೆ ಮೆಚ್ಚಿಕೊಂಡೇ ಹೇಳಿದರು. "ದೊಡ್ಡ ಕಲಾವಿದರಿಗೆ ತಮ್ಮ ಕೆಲಸ ತೃಪ್ತಿ ಆಗುವುದಿಲ್ಲ, ದ್ವಾರಕ."

ಬ್ರೆಂಡಾ ಬಾಯಮ್ಮನ ವಿಷಯ ಅವನಿಗೆ ಹೇಳಿದಿರಾ ಎಂದು ಕೇಳಿದೆ. ಇಲ್ಲ, ಬಾಯಿ ಬರಲಿಲ್ಲ ಅಂದರು. ಸರಿ, ನಾನೇ ನೋಡಿಕೊಳ್ಳುತ್ತೇನೆ ಅಂದೆ. ನನ್ನ ತಲೆಯಲ್ಲಿ ದೊಡ್ಡ ಯೋಜನೆ ಇತ್ತು. ಶನಿವಾರದ ಕಾರ್ಯಕ್ರಮ ನಡೆಸಿಕೊಡುವವನು ಶಾನ್ ಎಂಬ ಹುಡುಗ. ಇಂಥ ನೈಟುಗಳಲ್ಲಿ ಹಳೆಯ ಹಾಡಿಗೆ ಮೊದಲು ತೀರಿಕೊಂಡ ಯಾರನ್ನಾದರೂ ನೆನೆದು ನಾಲ್ಕು ಮಾತು ಓದುವ ರೂಢಿ ಉಂಟು. ಬಸ್ಸಿನ ಹಾಡಿಗೆ ಮೊದಲು ಓದಲು ಒಂದು ಚೀಟಿ ಬರೆದು ನಾನು ಗುರುವಾರವೇ ಅವನ ಕೈಗೆ ಕೊಟ್ಟಿದ್ದೆ: ಈ ಹಾಡಿನ ಕೋರಸ್ಸಿನ ದನಿ ನಮ್ಮ ಕ್ಯಾಮಿಲಸ್ ಅವರ ಪತ್ನಿ, ದಿವಂಗತ ಬ್ರೆಂಡಾ ಅವರದ್ದು.

ಶುಕ್ರವಾರ ಕಲಾವಿದರಿಗೆ ತಾಜಾ ಅಂಜಲ್ ತಿನ್ನುವ ಮನಸ್ಸಾಯಿತು. ದುಬೈಯ ಮೀನು ಆಗಲಿಕ್ಕಿಲ್ಲವಂತೆ, ಅಬುಧಾಬಿಯ ಅಲ್ ಮೀನಾ ಮಾರ್ಕೆಟ್ಟಿನದ್ದೇ ಬೇಕಂತೆ, ಯಾರೋ ಹೇಳಿದ್ದರಂತೆ. ಪೊರ್ಬುಗಳು ಒಂದೂವರೆ ಗಂಟೆ ಕಾರು ಓಡಿಸಿದರು. ನಾನೂ ಹೋದೆ. ಮೀನಿನ ಮಾರ್ಕೆಟ್ಟಿನಲ್ಲಿ ಲಿಡ್ವಿನ್ ಬಾಬ್ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲಿ ನಿಂತ. ಪೊರ್ಬುಗಳು ಒಂದೊಂದೇ ಮೀನಿನ ಕಿವಿರು ಎತ್ತಿ ನೋಡಿ, ಎರಡು ಅಂಜಲ್ ಆರಿಸಿ, ತುಂಡು ಮಾಡಿಸಿ, ಐಸಿನ ಡಬ್ಬದಲ್ಲಿ ಹಾಕಿಸಿ ತಂದರು. ಬಹಳ ಖುಷಿಯಲ್ಲಿದ್ದರು. ಅಷ್ಟು ಖುಷಿಯಲ್ಲಿ ಅವರನ್ನು ಬಾಯಮ್ಮ ಹೋದ ಮೇಲೆ ನಾನು ನೋಡಿರಲಿಲ್ಲ.

ವಾಪಸು ಬರುವಾಗ ಮಧ್ಯಾಹ್ನ ಎರಡು ಗಂಟೆ. ಗಾಯಕ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಇದೇ ಹೊತ್ತು ಎಂದುಕೊಂಡು ಬಾಯಿ ತೆಗೆದೆ. ನೇರವಾಗಿ ಕೇಳಿದ್ದರೆ ಆಗಿರುತ್ತಿತ್ತು, ಇವರ ಹೆಂಡತಿ ಎಂದು ಹೇಳಿ ಕೇಳಿದ್ದರೆ ಆಗಿರುತ್ತಿತ್ತು. ಆದರೆ ಹೆಸರು ಅವನ ಬಾಯಿಂದಲೇ ತಾನಾಗಿ ಬರಲಿ, ಪೊರ್ಬುಗಳು ಕೇಳಲಿ ಎಂದು ನನಗೆ ಆಸೆ.

"ಬಾಬ್, ಬಸ್ಸಿನ ಹಾಡಿನಲ್ಲಿ ಕೋರಸ್ ಬಹಳ ಚೆಂದ ಉಂಟಲ್ವಾ. ಇಗರ್ಜಿಯ ಹುಡುಗಿಯರಂತೆ. ಯಾರು ಅಂತ ನೆನಪು ಉಂಟಾ?"

ಅವನು ನಕ್ಕ. "ಆ ಹುಡುಗಿಯರದ್ದಾ? ಅದೊಂದು ಕಥೆ. ಪಾದ್ರಿಗಳು ಹೇಳಿದ್ರು ಅಂತ ನಾಲ್ಕು ಜನರನ್ನು ಕರೆಸಿದ್ದು, ಕವರಿನಲ್ಲಿ ಹೆಸರೂ ಹಾಕಿಸಿ ಆಗಿತ್ತು. ಸ್ಟುಡಿಯೋಗೆ ಬಂದು ನಿಂತರೆ ಒಬ್ಬಳಿಗೂ ಶ್ರುತಿ ಇಲ್ಲ. ಅದರಲ್ಲಿ ಒಬ್ಬಳು, ಇಷ್ಟುದ್ದ ಜಡೆಯವಳು, ಮೈಕ್ ಕಂಡು ಹೆದರಿ ಸ್ವರವೇ ಹೊರಡ್ಲಿಲ್ಲ. ನಾನೂ ಆಗ ಸಿಟ್ಟಿನ ಮನುಷ್ಯ, ನೀನು ಮನೆಯಲ್ಲಿ ಪಾತ್ರೆ ತೊಳಿ ಅಂದೆ. ಅತ್ತಳು. ಮಧ್ಯಾಹ್ನಕ್ಕೇ ಎಲ್ಲರನ್ನು ಬಸ್ಸು ಹತ್ತಿಸಿ ಕಳಿಸಿದ್ದು. ಈಗ ಇರುವುದು ಬೆಂಗಳೂರಿನ ಒಬ್ಬ ಟ್ರ್ಯಾಕ್ ಹಾಡುವ ಹೆಂಗಸಿನ ದನಿ. ಅರ್ಧ ಗಂಟೆಯಲ್ಲಿ ಮುಗಿಸಿ ಕೊಟ್ಟಳು. ಕೊಂಕಣಿಯ ಒಂದಕ್ಷರ ಗೊತ್ತಿಲ್ಲ ಅವಳಿಗೆ."

ಪೊರ್ಬುಗಳಿಗೆ ಕೇಳಿಸಿರಲಿಕ್ಕಿಲ್ಲ ಎಂದು ಒಂದು ಕ್ಷಣ ಆಸೆಪಟ್ಟೆ. ಆದರೆ ಇಲ್ಲಿನ ಕಾರಿನಲ್ಲಿ ಸ್ಟಿಯರಿಂಗ್ ಎಡಕ್ಕೆ, ಗಾಯಕ ಕೂತದ್ದು ಅವರ ಬಲಕ್ಕೆ.

ಕಾರಿನ ವೇಗ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಹಿಂದಿನ ಕನ್ನಡಿಯಲ್ಲಿ ಅವರ ಹಣೆ ಮಾತ್ರ ನನಗೆ ಕಾಣುತ್ತಿತ್ತು. ಲಿಡ್ವಿನ್ ಬಾಬ್ ಇನ್ನೂ ಯಾರದ್ದೋ ಕಥೆ ಹೇಳುತ್ತ ಹೋದ, ಆಮೇಲೆ ನಿದ್ದೆ ಹೋದ. ಡಿಸ್ಕವರಿ ಗಾರ್ಡನ್ಸಿಗೆ ಬಂದು ಕಾರು ನಿಲ್ಲಿಸಿದ ಮೇಲೆ ಪೊರ್ಬುಗಳು ಡಿಕ್ಕಿ ತೆರೆದು ಐಸಿನ ಡಬ್ಬ ಎತ್ತಿಕೊಂಡರು. ನಾನು ಕೈ ಕೊಡಲು ಹೋದೆ.

"ಬೇಡ ದ್ವಾರಕ," ಅಂದರು. "ಮೀನಿನ ನೀರು ಸೋರ್ತದೆ. ನಿನ್ನ ಅಂಗಿ ಹಾಳಾಗ್ತದೆ."

ಆ ದಿನ ಅವರು ಅಂಜಲ್ ಫ್ರೈ ಮಾಡಿ ಅವನಿಗೆ ಬಡಿಸಿದರಂತೆ. ಒಳ್ಳೆಯದಾಗಿದೆ ಎಂದು ಅವನು ನಾಲ್ಕು ದಿನದಲ್ಲಿ ಅಂದದ್ದು ಅದೊಂದಕ್ಕೇ ಇರಬೇಕು.

ಶನಿವಾರ ಮಧ್ಯಾಹ್ನ ಕಾರ್ಯಕ್ರಮದ ಹಾಲಿಗೆ ಹೋದವನೇ ಶಾನ್‌ನನ್ನು ಹಿಡಿದೆ. ಆ ಚೀಟಿ ಓದಬೇಡ, ಹರಿದು ಬಿಸಾಡು ಅಂದೆ.

"ಅಯ್ಯೋ ಅಂಕಲ್, ಅದು ಈಗ ನನ್ನ ಹತ್ರ ಇಲ್ಲ," ಅಂದ. "ಲಿಡ್ವಿನ್ ಬಾಬ್ ಎಲ್ಲ ಚೀಟಿ ನೋಡಿದ್ರು. ಇದನ್ನು ನಾನೇ ಹೇಳ್ತೇನೆ ಅಂತ ತಗೊಂಡ್ರು. ಹಿ ವಾಸ್ ವೆರಿ ಟಚ್ಡ್."

ಲಿಡ್ವಿನ್ ಬಾಬ್‌ನನ್ನು ಹುಡುಕಿದೆ. ಮೇಕಪ್ ರೂಮಿನಲ್ಲಿ ಕಮಿಟಿಯವರು ಸುತ್ತ ಕೂತಿದ್ದರು, ಒಳಗೆ ಬಿಡಲಿಲ್ಲ. ಐದು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಆರುನೂರು ಜನ. ಮೂರನೆಯ ಸಾಲಿನಲ್ಲಿ ಪೊರ್ಬುಗಳು, ಪಕ್ಕದಲ್ಲಿ ಅಬುಧಾಬಿಯಿಂದ ಬಂದ ಮಗಳು ಸ್ಟೇಸಿ, ಅವಳ ತೊಡೆಯ ಮೇಲೆ ಮೂರು ವರ್ಷದ ಮಗು. ತಾಯಿ ತೀರಿಕೊಂಡಾಗ ಸ್ಟೇಸಿಗೆ ಹದಿನೆಂಟು. ಆ ಎರಡು ಸಾಲನ್ನು ತನ್ನ ಮಗುವಿಗೆ ಅಜ್ಜಿಯ ಹಾಡು ಎಂದು ಕೇಳಿಸಿಯೇ ಮಲಗಿಸುವುದು ಅವಳು.

ಏಳನೆಯ ಹಾಡಿನ ಹೊತ್ತಿಗೆ ಲಿಡ್ವಿನ್ ಬಾಬ್ ಜೇಬಿನಿಂದ ಚೀಟಿ ತೆಗೆದ. ಕನ್ನಡಕ ಹಾಕಿದ. ನನ್ನ ಬೆರಳು ಅವನ ಮೈಕಿನ ಫೇಡರಿನ ಮೇಲೆಯೇ ಇತ್ತು. ಕೆಳಗೆ ಎಳೆದರೆ ಸಾಕು, ಸೌಂಡ್ ಹೋಯಿತು ಎಂದು ಜನ ನನ್ನನ್ನು ಬಯ್ಯುತ್ತಿದ್ದರು, ಅಷ್ಟೇ. ಬಯ್ಯಿಸಿಕೊಂಡು ನನಗೆ ಅಭ್ಯಾಸವೂ ಉಂಟು. ನಾನು ಎಳೆಯಲಿಲ್ಲ.

"ಮೂವತ್ತು ವರ್ಷದ ಹಿಂದೆ," ಎಂದು ಅವನು ಎದೆಯ ಮೇಲೆ ಕೈಯಿಟ್ಟು ಶುರುಮಾಡಿದ, "ಒಂದು ಸಣ್ಣ ಊರಿನ ಇಗರ್ಜಿಯಿಂದ ಒಬ್ಬಳು ಹುಡುಗಿ ನನ್ನ ಸ್ಟುಡಿಯೋಗೆ ಬಂದಳು. ಮೈಕಿನ ಎದುರು ನಿಂತು ಎರಡೇ ಸಾಲು ಹಾಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಆ ಹುಡುಗಿ ಬ್ರೆಂಡಾ. ಅವಳ ಗಂಡ ಇಲ್ಲೇ ಇದ್ದಾರೆ. ಕ್ಯಾಮಿಲಸ್ ಬಾಬ್, ದಯವಿಟ್ಟು ಎದ್ದು ನಿಲ್ಲಿ."

ಜನ ತಿರುಗಿ ನೋಡಿದರು. ಚಪ್ಪಾಳೆ ಹತ್ತಿತು. ಪೊರ್ಬುಗಳು ಕೂತೇ ಇದ್ದರು. ಸ್ಟೇಸಿ ಅಳುತ್ತ, ನಗುತ್ತ, ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಅಪ್ಪನ ತೋಳು ಹಿಡಿದು ಎಬ್ಬಿಸಿದಳು. ಎದ್ದರು. ಎರಡೂ ಕೈ ಮುಗಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ಬಾಗಿಸಿದರು. ಲಾಂಡ್ರಿಯಲ್ಲಿ ಇಪ್ಪತ್ತೈದು ವರ್ಷ ಆದಾಗ ಫಲಕ ಕೊಟ್ಟರಲ್ಲ, ಆಗಲೂ ಹೀಗೆಯೇ ಬಾಗಿದ್ದರು. ಆಮೇಲೆ ಹಾಡು. ಹಿನ್ನೆಲೆ ವಾದ್ಯದ ಟ್ರ್ಯಾಕಿಗೆ ಹಿಂದಿನ ವಾರವೇ ನಾನು ಆ ಕೋರಸ್ ಸೇರಿಸಿ ಇಟ್ಟಿದ್ದೆ. ನಾನೇ ಒರೆಸಿ ಚೊಕ್ಕ ಮಾಡಿದ ಆ ಹೆಂಗಸಿನ ದನಿ ನಾಲ್ಕು ಸ್ಪೀಕರಿನಿಂದ ಹಾಲು ತುಂಬ ಬಂತು. ಆರುನೂರು ಜನ ಜೊತೆಗೆ ಹಾಡಿದರು. ಪೊರ್ಬುಗಳು ಹಾಡು ಮುಗಿಯುವ ತನಕ ನಿಂತೇ ಇದ್ದರು. ಕೂರಬಹುದು ಎಂದು ಅವರಿಗೆ ಯಾರೂ ಹೇಳಲಿಲ್ಲ.

ಮುಗಿದ ಮೇಲೆ ವೇದಿಕೆಯ ಹಿಂದೆ ಗಾಯಕನನ್ನು ಹಿಡಿದೆ. ನಿನ್ನೆ ಕಾರಿನಲ್ಲಿ ಹೇಳಿದ್ದೇನು, ಈಗ ಹೇಳಿದ್ದೇನು, ಆ ಮನುಷ್ಯ ನಿಮಗೆ ಏನು ಮಾಡಿದ್ದಾನೆ ಎಂದು ಕೇಳಿದೆ. ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದವನು ನಿಲ್ಲಿಸಿದ. ಮೊದಲ ಸಲ ಅವನ ಮುಖ ಒಬ್ಬ ಮುದುಕನ ಮುಖದ ಹಾಗೆ ಕಂಡಿತು.

"ಚೀಟಿ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು," ಅಂದ. "ಆದಷ್ಟು ಸರಿಮಾಡುವ ಅಂತ ಹೇಳಿದೆ. ಇನ್ನೇನು ಮಾಡ್ಬೇಕಿತ್ತು ನಾನು? ಕಾರಿನಲ್ಲಿ ನೀವು ಮೊದಲೇ ಹೇಳಿದ್ದರೆ ಬಾಯಿ ಮುಚ್ಚಿಕೊಂಡಿರ್ತಿದ್ದೆ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ ಹಾಗೆ ಕೇಳಿದ್ದು ನೀವು."

ನಾನು ಮಿಕ್ಸರಿನ ಹತ್ತಿರ ವಾಪಸು ಹೋಗಿ ಕೇಬಲ್ ಸುತ್ತಿದೆ.

ಹೊರಗೆ ಪಾರ್ಕಿಂಗಿನಲ್ಲಿ ಸ್ಟೇಸಿ ಮಗುವನ್ನು ಸೀಟಿಗೆ ಕಟ್ಟುತ್ತಿದ್ದಳು. ಪೊರ್ಬುಗಳು ಸ್ವಲ್ಪ ದೂರದಲ್ಲಿ ನಿಂತಿದ್ದರು. ಅವರ ಬಲಕ್ಕೆ ಹೋಗಿ ನಿಂತು, ಕ್ಷಮಿಸಿ ಪೊರ್ಬುಗಳೇ ಅಂದೆ. ಆ ದನಿ ಹೋಯಿತಲ್ಲ ಎಂಬ ದುಃಖ ಇರಬೇಕು ಎಂದು ನಾನು ತಿಳಿದಿದ್ದೆ. ಅವನು ಮರೆತು ಏನೋ ಹೇಳಿರಬಹುದು, ಮೂವತ್ತು ವರ್ಷದ ಮಾತು, ನಂಬಬೇಡಿ ಎಂದೂ ಅಂದೆ.

"ಇಲ್ಲ ದ್ವಾರಕ, ಜಡೆ ಸರಿಯಾಗಿ ಹೇಳಿದ," ಅಂದರು. "ಅವಳ ಅಮ್ಮನಿಗೂ ಹೇಳಿರಲಿಕ್ಕಿಲ್ಲ, ಅವಮಾನ ಅಂತ. ನಾನು ಆ ಹಾಡಿಗೋಸ್ಕರ ಒಪ್ಪಿದೆ ಅಂತ ಗೊತ್ತಾದ ಮೇಲೆ ಹೇಗೆ ಹೇಳ್ತಾಳೆ? ಹತ್ತೊಂಬತ್ತು ವರ್ಷ. ಮನೆಗೆ ಬಂದವರಿಗೆಲ್ಲ ಹಾಕಿ ಕೇಳಿಸಿದೆ. ಅವಳನ್ನು ಬೈದು ಓಡಿಸಿದವನ ಹಾಡು. ಬೇರೆ ಯಾರದ್ದೋ ಸ್ವರ. ಇದು ನಮ್ಮವಳು, ಇದು ನಮ್ಮವಳು ಅಂತ. ಅವಳು ಎದ್ದು ಹೋಗ್ತಿದ್ದಳು. ನಾನು ನಗ್ತಿದ್ದೆ."

ಅಷ್ಟರಲ್ಲಿ ಸ್ಟೇಸಿ ಕರೆದಳು. ಅವರು ಹೋಗಿ ಕಾರಿನಲ್ಲಿ ಕೂತರು. ಮರುದಿನ ಲಿಡ್ವಿನ್ ಬಾಬ್‌ನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದವರೂ ಅವರೇ. ಊರಿಗೆ ಒಯ್ಯಲು ಒಂದು ಡಬ್ಬ ಖರ್ಜೂರ ಕೊಟ್ಟರಂತೆ.

ಅಲ್ಲಿಂದ ಮುಂದೆ ಅವರ ಕಾರಿನಲ್ಲಿ ಹಾಡು ಇಲ್ಲ. ಪೆನ್‌ಡ್ರೈವು ಏನಾಯಿತೆಂದು ನಾನು ಕೇಳಿಲ್ಲ. ಒಂದೆರಡು ಸಲ ಅವರ ಜೊತೆ ಜೆಬೆಲ್ ಅಲಿಯ ತನಕ ಹೋಗಿದ್ದೇನೆ. ರೇಡಿಯೋ ಕೂಡ ಹಾಕುವುದಿಲ್ಲ. ಮಗಳಿಗೆ ಹೇಳುತ್ತೀರಾ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಅವಳಿಗೆ ಅಮ್ಮ ಅಂತ ಇರುವುದು ಅದೊಂದೇ. ಅದನ್ನೂ ತೆಗೀಲಿಕ್ಕೆ ಆಗ್ತದಾ?" ಅಂದರು.

ಏಪ್ರಿಲಿನಲ್ಲಿ ಬಾಯಮ್ಮನ ವರ್ಷದ ದಿನ. ಜೆಬೆಲ್ ಅಲಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಮಧ್ಯಾಹ್ನ ಹತ್ತು ಹನ್ನೆರಡು ಜನ ಅವರ ಮನೆಗೆ ಊಟಕ್ಕೆ ಹೋದೆವು. ಅಡುಗೆಯೆಲ್ಲ ಹೊರಗಿನಿಂದ ತರಿಸಿದ್ದು. ಫಾಯಿಲ್ ಮುಚ್ಚಿದ ಟ್ರೇಗಳು ಡೈನಿಂಗ್ ಟೇಬಲ್ ಮೇಲೆಯೇ ಇದ್ದವು. ಪೊರ್ಬುಗಳು ನನ್ನ ಪಕ್ಕ ಸೋಫಾದಲ್ಲಿ ಕೂತಿದ್ದರು, ಅದೇ ಗೆರೆ ಮುರಿಯದ ಅಂಗಿ. ಊಟಕ್ಕೆ ಏಳುವ ಮೊದಲು ಸ್ಟೇಸಿ ಟಿವಿಗೆ ಫೋನು ಜೋಡಿಸಿದಳು. ಆ ದಿನದ ವಿಡಿಯೋ. ಬರದವರು ನೋಡಲಿ ಎಂದಳು. ಗಾಯಕ ಎದೆಯ ಮೇಲೆ ಕೈ ಇಟ್ಟ. ಚಪ್ಪಾಳೆ. ಪೊರ್ಬುಗಳು ಕೈ ಮುಗಿದು ನಿಂತದ್ದು ಟಿವಿಯಲ್ಲಿ ಕಾಣಿಸಿತು. ಕೂತವರು ಕಣ್ಣೊರೆಸಿಕೊಂಡರು. ಹಾ, ಬ್ರೆಂಡಾ ಎಷ್ಟು ಚೆಂದ ಹಾಡಿದ್ದಾಳೆ ಎಂದು ಒಬ್ಬರು ಅಂದರು. ಮೊದಲ ಚರಣ ಮುಗಿಯುತ್ತ ಬಂತು.

ಪಕ್ಕದಿಂದ ಪೊರ್ಬುಗಳು ಎದ್ದರು.

"ಡ್ಯಾಡಿ, ಎಲ್ಲಿಗೆ?" ಎಂದು ಸ್ಟೇಸಿ ಕೇಳಿದಳು. "ಮಮ್ಮೀಸ್ ಪಾರ್ಟ್ ಈಗ ಬರ್ತದೆ. ಪ್ಲೀಸ್, ಕೂತ್ಕೊಳ್ಳಿ."

"ಒಲೆಯ ಮೇಲೆ ಇಟ್ಟಿದ್ದೇನೆ, ಅಡಿ ಹಿಡೀತದೆ," ಅಂದರು ಪೊರ್ಬುಗಳು. "ನೀವು ಕೇಳಿ."

ಡ್ಯಾಡಿಗೆ ಮಮ್ಮಿಯ ಹಾಗೆಯೇ ನಾಚಿಕೆ ಎಂದು ಸ್ಟೇಸಿ ನಕ್ಕಳು. ಎಲ್ಲರೂ ನಕ್ಕರು. ನಾನು ಎದ್ದು ಅಡುಗೆಮನೆಯ ಬಾಗಿಲ ತನಕ ಹೋದೆ. ಅವರು ನನಗೆ ಬೆನ್ನು ಹಾಕಿ, ಒಲೆಯ ಎದುರು, ಕೈಯಲ್ಲೊಂದು ಸೌಟು ಹಿಡಿದು ನಿಂತಿದ್ದರು. ಒಲೆ ಹಚ್ಚಿರಲಿಲ್ಲ. ಅದರ ಮೇಲೆ ಪಾತ್ರೆಯೂ ಇರಲಿಲ್ಲ.